ಎಲೆ ಎತ್ತುವವರು

ಹರ್ತಿಯ ಬಸವೇಶ್ವರ ಜಾತ್ರೆಗೆ ಬರುವವರು ಬಹುತೇಕ ತೇರು ನೋಡಲು ಬರುತ್ತಾರೆ. ಉತ್ತತ್ತಿ, ಬಾಳೆಹಣ್ಣು ಎಸೆದು ಕೈ ಮುಗಿಯುತ್ತಾರೆ, ಮಿಠಾಯಿ ಅಂಗಡಿಯ ಮುಂದೆ ಮಕ್ಕಳ ಕೈ ಹಿಡಿದು ನಿಲ್ಲುತ್ತಾರೆ. ನನ್ನ ಕಣ್ಣು ಮಾತ್ರ ಪ್ರಸಾದದ ಪಂಕ್ತಿಯ ಮೇಲೆ. ಒಂದೂರಿನ ಸ್ವಭಾವ ತಿಳಿಯಬೇಕಾದರೆ ತೇರಿನ ಹಗ್ಗಕ್ಕಿಂತ ಪಂಕ್ತಿಯ ಸಾಲು ಹೆಚ್ಚು ಹೇಳುತ್ತದೆ.

ತಾಡಪತ್ರಿ ಹಾಸಿದ ಬಯಲಿನಲ್ಲಿ ಜನ ಎದುರುಬದುರಾಗಿ ಕುಳಿತಿರುತ್ತಾರೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಬಡಿಸುವುದಕ್ಕೆ ಪೈಪೋಟಿ. ಗೊಬ್ಬರದ ಅಂಗಡಿಯ ಸಾಹುಕಾರರು ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಗ್ಗಿಯ ಬಕೆಟ್ ಹಿಡಿದಿರುತ್ತಾರೆ. ಬೆಂಗಳೂರಿನಿಂದ ಬಂದ ಹುಡುಗರು ಅನ್ನದ ಬುಟ್ಟಿಗೆ ಕೈ ಹಾಕುತ್ತಾರೆ. ಚುನಾವಣೆ ಹತ್ತಿರವಿದ್ದರೆ ಸೌಟು ಹಿಡಿಯುವ ಕೈಗಳು ಇನ್ನೂ ಹೆಚ್ಚು. ಯಾರೋ ಮೊಬೈಲ್ ಎತ್ತಿ ಫೋಟೊ ಹೊಡೆಯುತ್ತಾರೆ, ಬಡಿಸುವವರು ಇನ್ನಷ್ಟು ಬಾಗುತ್ತಾರೆ.

ಪಂಕ್ತಿ ಏಳುತ್ತದೆ. ಆಗ ನೋಡಬೇಕು. ಬಕೆಟ್ ಹಿಡಿದವರು ಮುಂದಿನ ಸಾಲಿಗೆ ಹೋಗಿರುತ್ತಾರೆ. ಎಂಜಲೆಲೆಗಳ ಮೇಲೆ ನೊಣ ಮುತ್ತುತ್ತವೆ, ಸಾರು ಹರಿದು ತಾಡಪತ್ರಿಯ ಮಡಿಕೆಯಲ್ಲಿ ನಿಂತಿರುತ್ತದೆ. ತಲೆಗೆ ಟವೆಲ್ ಸುತ್ತಿದ ಒಬ್ಬ ಮುದುಕ, ಅವನ ಹಿಂದೆ ಗೋಣಿಚೀಲ ಹಿಡಿದ ಒಬ್ಬ ಹುಡುಗ, ಇಬ್ಬರೇ ಸಾಲಿನುದ್ದಕ್ಕೂ ಬಗ್ಗಿ ಎಲೆ ಮಡಚುತ್ತ ಬರುತ್ತಾರೆ. ಮುದುಕ ಎಲೆಯನ್ನು ತನ್ನ ಕಡೆಗೇ ಮಡಚುತ್ತಾನೆ, ಎದುರಿನವರ ಮೇಲೆ ಸಾರು ಸಿಡಿಯಬಾರದೆಂದು. ಅವನ ಫೋಟೊ ಯಾರೂ ತೆಗೆಯುವುದಿಲ್ಲ. ಹತ್ತಿರ ಬಂದಾಗ ಅವನೇ ಕೇಳುತ್ತಾನೆ: "ಊಟ ಆತೇನ್ರೀ ಸರ? ಹುಗ್ಗಿ ಸಿಕ್ಕಿತ್ತ?"

ದೇವರ ಹೆಸರಿನಲ್ಲಿ ಸೇವೆ ಮಾಡುತ್ತೇವೆ ಎನ್ನುವವರನ್ನು ನೋಡಿದಾಗಲೆಲ್ಲ ನನಗೆ ಈ ಎರಡು ಕೆಲಸ ನೆನಪಾಗುತ್ತವೆ. ಬಡಿಸುವುದು ಒಂದು, ಎಲೆ ಎತ್ತುವುದು ಇನ್ನೊಂದು. ಯಾವ ಧರ್ಮದ ಸೇವಕರನ್ನಾದರೂ ಈ ಅಳತೆಗೆ ಹಚ್ಚಬಹುದು. ಈ ಬರಹದ ಮಟ್ಟಿಗೆ ಗದಗ ಸೀಮೆಗೆ ಶಿಲುಬೆ ಹಿಡಿದು ಬಂದವರನ್ನು ಹಚ್ಚಿ ನೋಡುತ್ತೇನೆ.

ಹರ್ತಿಯಿಂದಲೇ ಯಾಕೆ ಹೊರಡಬೇಕು ಎಂದರೆ, ಇದು ಈ ಸೀಮೆಯ ಎಷ್ಟೋ ಊರುಗಳಂಥದೇ ಒಂದು ಊರು. ಒಂದು ಕಡೆ ಎರೆಹೊಲ, ಇನ್ನೊಂದು ಕಡೆ ಮಸಾರಿ, ದೂರಕ್ಕೆ ಕಪ್ಪತಗುಡ್ಡದ ಸಾಲು, ಅದರ ಬೆನ್ನ ಮೇಲೆ ತಿರುಗುವ ಗಾಳಿಯಂತ್ರಗಳು. ಚಾಲುಕ್ಯರ ಕಾಲದ ಪಾರ್ವತಿ ಪರಮೇಶ್ವರರ ಗುಡಿ ಇಲ್ಲಿದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ, ಹತ್ತಿ ಎಂದು ಮಾತು ಶುರುವಾದರೆ ದರ ಬಿದ್ದುದರಲ್ಲಿ ಮುಗಿಯುತ್ತದೆ. ಸಂತೆಗೆ, ಕೋರ್ಟಿಗೆ, ಕಾಲೇಜಿಗೆ, ಬಾಣಂತನಕ್ಕೆ ಎಲ್ಲದಕ್ಕೂ ಗದಗ-ಬೆಟಗೇರಿಯ ದಾರಿ ಹಿಡಿಯಬೇಕು. ಆ ದಾರಿಯಲ್ಲೇ ಈ ಊರಿನವರಿಗೆ ಕ್ರೈಸ್ತ ಸೇವೆಯ ಪರಿಚಯವಾದದ್ದು, ಅದೂ ಪುಸ್ತಕದಿಂದಲ್ಲ, ಪ್ರಸಂಗದಿಂದಲ್ಲ. ದವಾಖಾನೆಯಿಂದ.

ಈ ಭಾಗದ ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಹಿರಿಯರ ಮುಂದೆ ಮಿಶನ್ನಿನ ಮಾತೆತ್ತಿ, ಯೇಸುವಿನ ಹೆಸರಿಗಿಂತ ಮೊದಲು "ಜರ್ಮನ್ ದವಾಖಾನಿ" ಎಂಬ ಹೆಸರು ಬರುತ್ತದೆ. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ ಕಟ್ಟಿದ ಆಸ್ಪತ್ರೆ ಅದು. ಈಗ ಸಿ.ಎಸ್.ಐ. ಸಭೆಯ ಆಡಳಿತದಲ್ಲಿದೆ. ಜರ್ಮನರು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಹೋಗಲೊಲ್ಲದು.

"ನಮ್ಮತ್ತಿ ಕಾಲದಾಗ ಚಕ್ಕಡಿ ಕಟ್ಟಿಕೊಂಡು ಹೋಗೂದು ತಮ್ಮಾ," ಎಂದು ಒಬ್ಬ ಅಜ್ಜಿ ಹೇಳಿದಳು. ಎಲೆ-ಅಡಿಕೆ ಕುಟ್ಟುವ ಕಲ್ಲು ಅವಳ ಕೈಯಲ್ಲೇ ಇತ್ತು. "ಹಾದ್ಯಾಗ ಹಡದಾಕಿನೂ ಇದ್ಲು. ಮೈ ಎಲ್ಲಾ ರಗತ. ಮನಿಯಾವ್ರು ನಾವ ಮುಟ್ಟಾಕ ಹಿಂದ ಮುಂದ ನೋಡತಿದ್ವಿ. ಆ ನರ್ಸಬಾಯಾರು ಬಂದ್ರು, ತೊಳದ್ರು, ಕೂಸಿಗೆ ಎರದ್ರು. ಯಾವ ಮಂದಿ ನೀವು ಅಂತ ಒಂದ ಮಾತು ಕೇಳಲಿಲ್ಲ."

ಕಡೆಯ ಮಾತನ್ನು ಅಜ್ಜಿ ಎರಡು ಸಲ ಹೇಳಿದಳು. ಅದರ ತೂಕ ಇಂದಿನ ಹುಡುಗರಿಗೆ ಪಟ್ಟನೆ ಹತ್ತಲಿಕ್ಕಿಲ್ಲ. ಹೆರಿಗೆ ಎಂದರೆ ಸೂತಕ, ಮೈಲಿಗೆ. ಹೊಕ್ಕುಳ ಬಳ್ಳಿ ಕೊಯ್ಯುವ ಸೂಲಗಿತ್ತಿಯನ್ನು ನಡುಮನೆಗೆ ಕರೆಯುತ್ತಿದ್ದುದು ಆ ಒಂದು ದಿನ ಮಾತ್ರ, ಮರುದಿನದಿಂದ ಆಕೆ ಅಂಗಳದಾಚೆಯವಳು. ರೋಗಿಯ ಮಲಮೂತ್ರದ ಪಾತ್ರೆ ಹಿಡಿಯುವುದು, ಕೀವು ಒರೆಸುವುದು, ರಕ್ತದ ಬಟ್ಟೆ ಒಗೆಯುವುದು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳ ಕೆಲಸವಲ್ಲ ಎಂಬುದು ಊರಿಗೆ ಊರೇ ಒಪ್ಪಿದ ಕಾನೂನು. ಅಂಥ ಕಾಲದಲ್ಲಿ ಮಿಶನ್ ಆಸ್ಪತ್ರೆಗಳಲ್ಲಿ ಆ ಪಾತ್ರೆ ಹಿಡಿದವರು ಸಮುದ್ರ ದಾಟಿ ಬಂದ ಹೆಂಗಸರು, ಅವರ ಕೈಕೆಳಗೆ ಕಲಿತ ಕನ್ನಡ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು. ಈ ಕನ್ನಡದ ಹೆಣ್ಣುಮಕ್ಕಳ ಬಗ್ಗೆ ನಮ್ಮ ಇತಿಹಾಸದ ಪುಸ್ತಕಗಳು ಬಾಯಿ ಬಿಡುವುದೇ ಇಲ್ಲ. ಮಿಶನರಿಯ ಹೆಸರಿರುತ್ತದೆ, ಡಾಕ್ಟರರ ಹೆಸರಿರುತ್ತದೆ. ರಾತ್ರಿ ಪಾಳಿಯಲ್ಲಿ ಕಂದೀಲು ಹಿಡಿದು ಓಡಾಡಿದವಳು ಬರೀ "ಸಿಸ್ಟರ್". ಎಲೆ ಎತ್ತುವವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲವಲ್ಲ, ಹಾಗೆ.

ಇವರಿಗೆ ಈ ಕೆಲಸವನ್ನು ಪುಣ್ಯ ಎಂದು ಕಲಿಸಿದ ಕತೆ ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಪಸ್ಕ ಹಬ್ಬದ ಮುಂಚಿನ ಇರುಳು, ಕೊನೆಯ ಊಟ. ಮರುದಿನ ಶಿಲುಬೆ. ಊಟದ ನಡುವೆ ಯೇಸು ಎದ್ದು ಮೇಲುಹೊದಿಕೆ ತೆಗೆದಿಟ್ಟು, ನಡುವಿಗೆ ಟವೆಲ್ಲಿನಂಥ ಬಟ್ಟೆ ಸುತ್ತಿಕೊಂಡು, ಬೋಗುಣಿಗೆ ನೀರು ಸುರಿದು, ಶಿಷ್ಯರ ಕಾಲು ತೊಳೆಯತೊಡಗುತ್ತಾನೆ. ಧೂಳುದಾರಿಯಲ್ಲಿ ಚಪ್ಪಲಿ ಮೆಟ್ಟಿ ನಡೆದ ಕಾಲುಗಳು. ಆ ನಾಡಿನಲ್ಲಿ ಬಂದವರ ಕಾಲು ತೊಳೆಯುವುದು ಮನೆಯ ಆಳಿನ ಪಾಲಿಗೆ ಬಿದ್ದ ಕೆಲಸ. ಪೇತ್ರ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ಗುರು ತನ್ನ ಕಾಲು ಮುಟ್ಟುವುದೇ ಎಂದು. ಹಿಡಿದುಕೊಡಲಿದ್ದ ಯೂದನೂ ಆ ಸಾಲಿನಲ್ಲೇ ಕುಳಿತಿದ್ದ. ಅವನನ್ನು ಬಿಟ್ಟು ಮುಂದೆ ಹೋದ ಎಂದು ಸುವಾರ್ತೆ ಹೇಳುವುದಿಲ್ಲ.

ನಮ್ಮ ಕಡೆಯವರಿಗೆ ಈ ಕತೆ ಹೇಳಿ ನೋಡಿ. ಕಾಲು ತೊಳೆಯುವುದು ಇಲ್ಲಿ ಹೊಸದಲ್ಲ. ಮನೆಗೆ ಬಂದ ಜಂಗಮರ ಪಾದ ತೊಳೆದು, ಪಾದೋದಕ ಸ್ವೀಕರಿಸುವ ನಾಡು ಇದು. ಕತೆ ಕೇಳುವವರು ತಲೆದೂಗುತ್ತ ಬಂದವರು ಒಂದು ಕಡೆ ಥಟ್ಟನೆ ನಿಲ್ಲುತ್ತಾರೆ: "ಗುರುವ ಶಿಷ್ಯನ ಕಾಲು ತೊಳದ್ನ?" ನಾವು ಕಂಡ ನೀರು ಕೆಳಗಿನವರ ಕೈಯಿಂದ ಮೇಲಿನವರ ಕಾಲಿಗೆ ಹರಿಯುತ್ತದೆ. ಇಲ್ಲಿ ತಿರುಗುಮುರುಗು. ಹಾಗೆಂದು ಈ ಮಣ್ಣಿಗೆ ಅದು ಪೂರ್ತಿ ಪರಕೀಯವೂ ಅಲ್ಲ. ಹರಳಯ್ಯನ ಶರಣಿಗೆ ಬಸವಣ್ಣ ಎರಡು ಸಲ ಶರಣೆಂದ ಕತೆ, ಆ ಋಣ ತೀರಿಸಲು ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದ ಕತೆ ಇಲ್ಲಿ ಎಲ್ಲರ ಬಾಯಲ್ಲಿದೆ. ಮಂತ್ರಿ ಬಾಗಿದ ಕತೆ ಗೊತ್ತಿರುವ ಜನಕ್ಕೆ ಗುರು ಬಾಗಿದ ಕತೆ ಅರ್ಥವಾಗದೇ ಇರಲಿಕ್ಕಿಲ್ಲ.

ಶ್ರಮೆಯ ವಾರದ ಗುರುವಾರ ಎಷ್ಟೋ ಸಭೆಗಳಲ್ಲಿ ಈ ಕಾಲು ತೊಳೆಯುವ ಕ್ರಮವನ್ನು ಆಚರಿಸುತ್ತಾರೆ. ಆಚರಣೆಗೆ ಬರುವಷ್ಟರಲ್ಲಿ ಕಾಲುಗಳು ಮನೆಯಲ್ಲೇ ಸಾಬೂನು ಕಂಡಿರುತ್ತವೆ ಎಂಬುದು ಬೇರೆ ಮಾತು.

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಹುಟ್ಟಿತು. ಅಲ್ಲಿಂದ ಹೊರಟವರಲ್ಲಿ ತೆಂಕಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು ಬಹಳ, ರೈತರ, ಕುಶಲಕರ್ಮಿಗಳ ಮಕ್ಕಳು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಊರಿನಲ್ಲಿ ಸಾಮಾನ್ಯರ ಮಕ್ಕಳಾಗಿದ್ದವರು ಇಲ್ಲಿ ಬಂದಿಳಿದ ಕೂಡಲೇ "ಸಾಹೇಬರು" ಆದರು. ಬಿಳಿ ಚರ್ಮ, ಕಂಪನಿ ಸರ್ಕಾರದ ಕಾಲ, ಕುದುರೆ, ಬಂಗಲೆ. ಅವರು ಬಯಸಲಿ ಬಿಡಲಿ, ಜನ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದರು. ಸೇವಕನಾಗಲು ಬಂದವನಿಗೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ.

ಆ ತೊಡಕಿನ ಕತೆ ನೋಡಬೇಕೆಂದರೆ ಗದಗಿನ ಪಕ್ಕದ ಮಲ್ಲಸಮುದ್ರಕ್ಕೆ ಹೋಗಬೇಕು. ಕಾಲಜ್ಞಾನಿಗಳು ಎಂದು ಕರೆಸಿಕೊಳ್ಳುತ್ತಿದ್ದ ಒಂದು ಪಂಥದವರು 1840ರ ಆಸುಪಾಸಿನಲ್ಲಿ ಹುಬ್ಬಳ್ಳಿ ಕಡೆಯ ಮಿಶನರಿಗಳನ್ನು ಕಂಡು, ನಿಮ್ಮ ಬೋಧನೆಗೂ ನಮ್ಮ ಕಾಲಜ್ಞಾನಕ್ಕೂ ತಾಳೆಯಾಗುತ್ತದೆ ಎಂದರು. ದೊಡ್ಡ ಸಂಖ್ಯೆಯಲ್ಲಿ ಜನ ಬರುತ್ತಾರೆಂಬ ಆಸೆ ಹುಟ್ಟಿತು. ಮುಂದೆ 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ಮೊದಲಿಟ್ಟ ಹೆರ್ಮನ್ ಮೊಗ್ಲಿಂಗರೂ ಆ ಆಸೆಯಲ್ಲಿ ಪಾಲುದಾರರು. ಬರುವವರಿಗೆ ನೆಲೆ ಬೇಡವೆ? ಜಾತಿ ಬಿಟ್ಟು ಬಂದವನಿಗೆ ಊರಿನಲ್ಲಿ ಬಾವಿಯ ನೀರಿಲ್ಲ, ಆಯವಿಲ್ಲ, ಹೊಲದ ಕೂಲಿಯೂ ಇಲ್ಲ. ಹಾಗಾಗಿ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ಒಕ್ಕಲುತನದ ಕ್ರೈಸ್ತ ನೆಲೆಯೊಂದನ್ನು ಕಟ್ಟಹೊರಟರು.

ಉದ್ದೇಶದಲ್ಲಿ ಕಳಂಕ ಹುಡುಕಲಾರೆ. ಆದರೆ ಹೊಲ ಕೊಡುವವನೇ ದೀಕ್ಷೆ ಕೊಡುವವನೂ ಆದಾಗ ಏನಾಗುತ್ತದೆ ಎಂಬುದು ನಮ್ಮ ಊರಿನ ಯಾವ ಒಕ್ಕಲಿಗನಿಗೂ ಹೇಳಿಕೊಡಬೇಕಿಲ್ಲ. ಬಿತ್ತನೆಗೆ ಎತ್ತು ಕೊಟ್ಟವನ ಮುಂದೆ ಮನಸ್ಸಿನ ಮಾತು ಹೊರಡುವುದಿಲ್ಲ. ಅವನು ದೇವರ ಹೆಸರು ಹೇಳಿದರೆ ಹೂಂ, ಹೇಳದಿದ್ದರೂ ಹೂಂ. ಬಂದೇವು ಎಂದ ಕಾಲಜ್ಞಾನಿಗಳು ಗುಂಪಾಗಿ ಬರಲಿಲ್ಲ. ನೆಲೆಯೂ ಹೆಚ್ಚು ಕಾಲ ಬಾಳಲಿಲ್ಲ. ಮಿಶನ್ನಿನ ಚರಿತ್ರೆಯಲ್ಲಿ ಮಲ್ಲಸಮುದ್ರ ಒಂದು ಸೋತ ಪ್ರಯೋಗವಾಗಿ ಉಳಿಯಿತು.

ಇದೇ ಇಕ್ಕಟ್ಟು ಬೇರೆ ವೇಷದಲ್ಲಿ ಮುಂದುವರಿಯಿತು. ಕರಾವಳಿಯಲ್ಲಿ ನೇಯ್ಗೆ, 1865ರಿಂದ ಹಂಚಿನ ಕಾರ್ಖಾನೆ ಬಂದವು. ಹೊಟ್ಟೆಗೆ ಅನ್ನವಾಯಿತು, ನಾಡಿನ ಮನೆಗಳ ಮೇಲೆ ಮಂಗಳೂರು ಹಂಚು ಬಂತು. ಆದರೆ ಬೆಳಿಗ್ಗೆ ಹಾಜರಿ ಹಾಕುವ ಮಿಶನ್ನೇ ಭಾನುವಾರ ಪಾಪಕ್ಷಮೆಯ ಮಾತನ್ನೂ ಹೇಳುತ್ತಿತ್ತು. ಧಣಿಯ ಕುರ್ಚಿಯಲ್ಲಿ ಕುಳಿತು ಸೇವಕನ ಕೆಲಸ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಬಾಸೆಲ್ ಮಿಶನ್ನಿನಷ್ಟು ದುಡ್ಡು ತೆತ್ತು ಕಲಿತ ಸಂಸ್ಥೆ ಕರ್ನಾಟಕದಲ್ಲಿ ಇನ್ನೊಂದಿರಲಿಕ್ಕಿಲ್ಲ.

ಬೆಟಗೇರಿ ಮಾತ್ರ ಸ್ವಲ್ಪ ಬೇರೆ ಪಾಠ ಕಲಿಸಿರಬೇಕು. ಇದು ನೇಕಾರರ ಊರು. ಓಣಿಗೆ ಕಾಲಿಟ್ಟರೆ ಇಂದಿಗೂ ಮಗ್ಗದ ಸದ್ದು ಎದುರುಗೊಳ್ಳುತ್ತದೆ, ವಿದ್ಯುತ್ ಮಗ್ಗವೇ ಹೆಚ್ಚು. ಹಳೆಯದು ಕುಣಿ ಮಗ್ಗ. ನೆಲದಲ್ಲಿ ಅಗೆದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಕಾರ ಕುಳಿತಿರುತ್ತಾನೆ. ಅವನ ಎದೆ ನೆಲದಿಂದ ಒಂದು ಮೊಳ ಮೇಲಿದ್ದರೆ ಹೆಚ್ಚು. ಲಾಳಿ ಅತ್ತಿಂದಿತ್ತ ಓಡುತ್ತಿರುತ್ತದೆ, ಬಂದವರಿಗಾಗಿ ಅದು ನಿಲ್ಲುವುದಿಲ್ಲ, ನಿಂತರೆ ಆ ದಿನದ ಕೂಲಿ ಕಡಿಮೆ. ಅವನೊಂದಿಗೆ ಮಾತನಾಡಬೇಕಾದವನು ನಿಂತು ಮಾತನಾಡಿದರೆ ಅವನ ನೆತ್ತಿಯ ಜೊತೆ ಮಾತನಾಡಿದಂತೆ. ಮೋರೆ ನೋಡಬೇಕೆಂದರೆ ಕುಕ್ಕರಗಾಲಿನಲ್ಲಿ ಕೂರಬೇಕು, ಸಗಣಿ ಸಾರಿಸಿದ ನೆಲಕ್ಕೆ ಅಂಗೈ ಊರಬೇಕು. ಆಗಲೂ ನೇಕಾರನ ಕಣ್ಣು ನೂಲಿನ ಮೇಲೆಯೇ ಇರುತ್ತದೆ. ಮಾತು ಕೇಳಿಸಬೇಕೆಂದರೆ ಲಾಳಿಯ ಲಯಕ್ಕೆ ಮಾತನ್ನು ಹೊಂದಿಸಬೇಕು.

ಹೀಗೆ ಕುಕ್ಕರಗಾಲಿನಲ್ಲಿ ಕುಳಿತವರು ಸಾಹೇಬರಿಗಿಂತ ಹೆಚ್ಚಾಗಿ ನಮ್ಮವರೇ ಆದ ಉಪದೇಶಿಗಳು. ಸಭೆಯ ಏಣಿಯಲ್ಲಿ ಉಪದೇಶಿ ಕೆಳಗಿನ ಮೆಟ್ಟಿಲು. ಸಂಬಳ ಅಷ್ಟಕ್ಕಷ್ಟೆ. ಒಂದು ಹೆಗಲಿಗೆ ಪುಸ್ತಕದ ಚೀಲ, ಇನ್ನೊಂದಕ್ಕೆ ಬುತ್ತಿ. ಸುಗ್ಗಿಯ ದಿನಗಳಲ್ಲಿ ಹಳ್ಳಿ ಹಳ್ಳಿ ನಡೆದು, ಚಾವಡಿಯಲ್ಲಿ ಮಲಗಿ, ಜಾತ್ರೆಯಲ್ಲಿ ಬೈಗುಳ ತಿಂದು, ಕೆಲವೊಮ್ಮೆ ತಲೆಯ ಮೇಲೆ ಮಣ್ಣು ಎರಚಿಸಿಕೊಂಡು ಬರುವವನು. ಅವನ ಹೆಂಡತಿ ಅಥವಾ ಯಾವಳೋ ಒಬ್ಬ ವಿಧವೆ ಬೈಬಲ್ ಬಾಯಿಯಾಗಿ ಹಿತ್ತಿಲ ಬಾಗಿಲಿನಿಂದ ಹೆಂಗಸರ ನಡುವೆ ಕುಳಿತು, ಓದು ಕಲಿಸುವವಳು. 1876ರಿಂದ 78ರವರೆಗಿನ ಧಾತು ಬರ ಬಂದು ಮುಂಬೈ ಕರ್ನಾಟಕದ ಈ ಹಳ್ಳಿಗಳು ಬರಿದಾದಾಗ, ತಾಯಿತಂದೆ ಸತ್ತ ಮಕ್ಕಳನ್ನು ಎತ್ತಿ ತಂದವರಲ್ಲಿ, ಗಂಜಿ ಕಾಸಿದವರಲ್ಲಿ, ತಲೆಯ ಹೇನು ಹೆಕ್ಕಿದವರಲ್ಲಿ ಇವರಿದ್ದರು. ವರದಿ ಬರೆದವರು ಸಾಹೇಬರು.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಪ್ರಜೆಗಳೆಲ್ಲ ಬ್ರಿಟಿಷರ ಕಣ್ಣಿನಲ್ಲಿ ಶತ್ರುಗಳಾದರು. ನಿನ್ನೆ ಸಲಾಮು ಹೊಡೆಸಿಕೊಂಡ ಪಾದ್ರಿಗಳು ಅಹಮದ್‌ನಗರದ ಬಂದೀಖಾನೆಯ ಬೇಲಿಯೊಳಗೆ ಕುಳಿತರು, ಆಮೇಲೆ ಹಡಗು ಹತ್ತಿದರು. ಸಭೆಗಳು ಬಿದ್ದುಹೋಗಲಿಲ್ಲ. ಭಾನುವಾರ ಗಂಟೆ ಹೊಡೆಯಿತು, ಕರ್ತನ ಭೋಜನ ನಡೆಯಿತು, ಮದುವೆ-ಮಣ್ಣು ಆದವು. ಅಷ್ಟು ವರ್ಷ ಹಿಂದಿನ ಸಾಲಿನಲ್ಲಿ ಕುಳಿತಿದ್ದವರು ಭಾರ ಹೊತ್ತರು.

ಆ ಸಾಲಿನಿಂದ ಎದ್ದು ಬಂದವರಲ್ಲಿ ನಾಡು ಹೆಸರಿಟ್ಟು ಕರೆಯುವುದು ಒಬ್ಬರನ್ನು: ರೆವರೆಂಡ್ ಉತ್ತಂಗಿ ಚನ್ನಪ್ಪ. ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಬೇರು ಉತ್ತಂಗಿಯಲ್ಲಿ. ಮುಂಡರಗಿ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಹೂವಿನಹಡಗಲಿ ತಾಲೂಕು, ಅಲ್ಲಿಯ ಹಳ್ಳಿ ಅದು. ಚನ್ನಪ್ಪನವರು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ದೇವಜ್ಞಾನ ಶಾಲೆಯಲ್ಲಿ ಓದಿ, ಉತ್ತರ ಕರ್ನಾಟಕದ ಸಭೆಗಳಲ್ಲಿ ಸಭಾಪಾಲಕರಾಗಿ ಬದುಕು ಸವೆಸಿದವರು.

ಕಿಟೆಲ್ ಸಾಹೇಬರ ನಿಘಂಟಿನ ಕತೆಯನ್ನು ನಾವು ಎಷ್ಟು ಸಲ ಹೇಳಿಕೊಂಡಿದ್ದೇವೆಂದರೆ ಮತ್ತೆ ಹೇಳಲು ನನಗೆ ಉಮೇದಿಲ್ಲ. 1894ರ ಆ ಮಹಾಗ್ರಂಥಕ್ಕೆ ಸಿಗಬೇಕಾದ ಗೌರವ ಸಿಕ್ಕಿದೆ, ಬೆಂಗಳೂರಿನಲ್ಲಿ ಪ್ರತಿಮೆಯೂ ನಿಂತಿದೆ. ಉತ್ತಂಗಿಯವರಿಗೆ ಅಷ್ಟು ಸಿಕ್ಕಿಲ್ಲ. ನನ್ನ ಪ್ರಕಾರ ಕ್ರೈಸ್ತ ಸೇವೆಯಲ್ಲಿ ವಿನಯ ಎಂದರೆ ಏನು ಎಂದು ಯಾರಾದರೂ ಕೇಳಿದರೆ ತೋರಿಸಬೇಕಾದ ಮೊದಲ ಕನ್ನಡಿಗ ಅವರೇ.

ಪಾದ್ರಿಯ ಕೆಲಸ ಏನು? ಹೇಳುವುದು. ಎತ್ತರದ ಪೀಠದ ಮೇಲೆ ನಿಂತು, ಕೆಳಗೆ ಕುಳಿತವರಿಗೆ ಅವರಿಗೆ ಗೊತ್ತಿಲ್ಲದ್ದನ್ನು ತಿಳಿಸುವುದು. ಉತ್ತಂಗಿಯವರು ಈ ಕೆಲಸ ಮಾಡುತ್ತಲೇ ಅದಕ್ಕೆ ತದ್ವಿರುದ್ಧವಾದ ಇನ್ನೊಂದನ್ನು ಹಿಡಿದರು. ಕೇಳುವ ಕೆಲಸ. ಸರ್ವಜ್ಞನ ತ್ರಿಪದಿಗಳು ಆಗ ಚೆಲ್ಲಾಪಿಲ್ಲಿಯಾಗಿದ್ದವು. ಒಂದಿಷ್ಟು ಓಲೆಗರಿಯಲ್ಲಿ, ಒಂದಿಷ್ಟು ಕೈಬರಹದ ಕಟ್ಟುಗಳಲ್ಲಿ, ಉಳಿದುವು ಜನರ ನಾಲಿಗೆಯ ಮೇಲೆ. ಬೀಸುವ ಕಲ್ಲಿನ ಮುಂದೆ, ರಾಶಿ ಮಾಡುವ ಕಣದಲ್ಲಿ, ಸಂತೆಯಿಂದ ಮರಳುವ ಚಕ್ಕಡಿಯಲ್ಲಿ ಅವು ಬಾಯಿಂದ ಬಾಯಿಗೆ ಓಡಾಡುತ್ತಿದ್ದವು. ಕೋಟು-ರುಮಾಲಿನ ಪಾದ್ರಿಯೊಬ್ಬರು ಬಂದು, "ಯಜಮಾನ್ರ, ನಿಮಗೊಂದು ಸರ್ವಜ್ಞನ ಮಾತು ಬರತೈತಂತಲ್ಲ, ಹೇಳ್ತೀರೇನು?" ಎಂದು ಅಕ್ಷರ ಬಾರದ ರೈತನ ಮುಂದೆ ಕಾಗದ ಬಿಚ್ಚಿ ಕುಳಿತರೆ ಹೇಗಿದ್ದೀತು, ಊಹಿಸಿಕೊಳ್ಳಿ. ಉಪದೇಶ ಮಾಡುವವರು ಉಪದೇಶ ಬೇಡಿಕೊಂಡು ಬಂದಿದ್ದಾರೆ. ಅದೂ ತಮ್ಮ ಧರ್ಮದ್ದಲ್ಲದ, ತಿರಿದುಂಡು ಅಲೆದನೆಂದು ಜನ ನಂಬಿರುವ ಒಬ್ಬ ಜೋಗಿಯ ಮಾತನ್ನು.

ಪಾಠಗಳನ್ನು ತಾಳೆ ನೋಡಿ, ವಿಷಯವಾರು ಜೋಡಿಸಿ, 1924ರಲ್ಲಿ 'ಸರ್ವಜ್ಞನ ವಚನಗಳು' ಪ್ರಕಟಿಸಿದರು. ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳು ಒಂದು ರಟ್ಟಿನ ನಡುವೆ ಬಂದವು. ಇಂದು ಶಾಲೆಯ ಗೋಡೆಯ ಮೇಲೆ, ಬಸ್ಸಿನ ಹಲಗೆಯ ಮೇಲೆ, ಭಾಷಣಕಾರರ ನಾಲಿಗೆಯ ಮೇಲೆ ಸರ್ವಜ್ಞ ಇದ್ದಾನೆ. ಅವನನ್ನು ಅಲ್ಲಿಗೆ ತಲುಪಿಸಿದ ದಾರಿಯಲ್ಲಿ ಒಬ್ಬ ಸಭಾಪಾಲಕರ ಹೆಜ್ಜೆಗಳಿವೆ ಎಂಬುದು ಎಷ್ಟು ಜನರಿಗೆ ಗೊತ್ತು?

ಅಲ್ಲಿಗೆ ಅವರು ನಿಲ್ಲಲಿಲ್ಲ. ವಚನ ಸಾಹಿತ್ಯಕ್ಕೆ ಕೈ ಹಾಕಿದರು. ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು, ಆದಯ್ಯನ ವಚನಗಳ ಸಂಪಾದನೆಯಲ್ಲಿ ದುಡಿದರು, ಮೋಳಿಗೆ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಹೊರತಂದರು. ಈ ಆಯ್ಕೆಯಲ್ಲೇ ಅವರ ಮನಸ್ಸು ಕಾಣುತ್ತದೆ. ಸಿದ್ಧರಾಮ ಸೊನ್ನಲಿಗೆಯಲ್ಲಿ ಕೆರೆ ಅಗೆಸಿದ ಕರ್ಮಯೋಗಿ. ಮೋಳಿಗೆ ಮಾರಯ್ಯನದಂತೂ ಇನ್ನೂ ದೊಡ್ಡ ಕತೆ. ಕಾಶ್ಮೀರದ ಅರಸನಾಗಿದ್ದವನು ಸಿಂಹಾಸನ ಬಿಟ್ಟು ರಾಣಿಯೊಂದಿಗೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಕಡಿದು ಹೊರೆ ಹೊತ್ತು ಮಾರಿ, ಆ ದುಡಿ‍ಮೆಯಲ್ಲಿ ಜಂಗಮ ದಾಸೋಹ ನಡೆಸಿದನೆಂದು ಶರಣರ ಚರಿತ್ರೆ ಹೇಳುತ್ತದೆ. ದೇವರ ರೂಪದಲ್ಲಿದ್ದವನು ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದನೆಂದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿದೆ. ಆ ಪತ್ರವನ್ನು ಬದುಕಿನುದ್ದಕ್ಕೂ ಓದಿದ ಪಾದ್ರಿಗೆ ಕಟ್ಟಿಗೆಯ ಹೊರೆ ಹೊತ್ತ ಅರಸ ಪರಕೀಯನಾಗಿ ಕಂಡಿರಲಾರ.

ಕಲ್ಯಾಣದಲ್ಲಿ ಅನುಭವ ಮಂಟಪ ಎಂಬುದು ಇತ್ತೇ ಇಲ್ಲವೇ ಎಂಬ ವಾದ ಎದ್ದಾಗ, ಇತ್ತು ಎಂದು ಆಧಾರಗಳನ್ನು ಕಲೆಹಾಕಿ 'ಅನುಭವ ಮಂಟಪದ ಐತಿಹಾಸಿಕತೆ' ಬರೆದವರು ಈ ಕ್ರೈಸ್ತ ಪಾದ್ರಿ. ಲಿಂಗಾಯತರ ಪರವಾಗಿ ಇನ್ನೊಂದು ಧರ್ಮದವರು ವಕಾಲತ್ತು ಹಿಡಿದದ್ದು ನಮ್ಮ ಕಾಲಕ್ಕೆ ವಿಚಿತ್ರವೆನಿಸೀತು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಎಂಬ ಇನ್ನೊಂದು ಪುಸ್ತಕದ ಹೆಸರನ್ನೇ ನೋಡಿ. ಬೆತ್ಲೆಹೇಮು ಕಾಶಿಗೆ ಆಜ್ಞೆ ಮಾಡುತ್ತಿಲ್ಲ, ಸವಾಲು ಎಸೆಯುತ್ತಿಲ್ಲ. ವಿನಂತಿಸಿಕೊಳ್ಳುತ್ತಿದೆ. ಇಂಥವರನ್ನು ಎರಡೂ ಕಡೆಯವರು ಅರ್ಧ ಅನುಮಾನದಿಂದಲೇ ನೋಡುತ್ತಾರೆ. ಈ ಕಡೆಯವರಿಗೂ ಪೂರ್ತಿ ತಮ್ಮವರಲ್ಲ, ಆ ಕಡೆಯವರಿಗೂ ಪೂರ್ತಿ ತಮ್ಮವರಲ್ಲ. ಆ ನಡುವಿನ ಜಾಗದಲ್ಲಿ ಕೂರಲು ಅಹಂಕಾರ ಇದ್ದವನಿಂದ ಆಗುವುದಿಲ್ಲ.

ಕನ್ನಡಿಗರು ಅವರನ್ನು ಮರೆತುಬಿಟ್ಟಿರಲಿಲ್ಲ ಎನ್ನುವುದು ಸಮಾಧಾನದ ಸಂಗತಿ. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿದರು. ಅವರು ಹೆಸರಾದದ್ದು "ತಿರುಳ್ಗನ್ನಡದ ತಿರುಕ" ಎಂದು. 'ಕವಿರಾಜಮಾರ್ಗ' ಗುರುತಿಸಿದ ತಿರುಳ್ಗನ್ನಡದ ನಾಡಿನಲ್ಲಿ ಪುಲಿಗೆರೆಯೂ ಒಂದು ಎಲ್ಲೆ, ಅಂದರೆ ಇಂದಿನ ಲಕ್ಷ್ಮೇಶ್ವರ. ನಮ್ಮ ಈ ನೆಲದ ಭಿಕ್ಷುಕ ಎಂದು ಕರೆಸಿಕೊಳ್ಳುವುದನ್ನು ಬಿರುದಾಗಿ ಹೊತ್ತ ಪಾದ್ರಿ 1962ರಲ್ಲಿ ತೀರಿಕೊಂಡರು.

ಈಗ ಗದಗಿನ ಬಸ್ ನಿಲ್ದಾಣದ ಕಡೆ ಒಮ್ಮೆ ಬನ್ನಿ. ಕಂಬಗಳ ನಡುವೆ ಫ್ಲೆಕ್ಸ್. ಪ್ರಾರ್ಥನಾ ಕೂಟ, ಮೂರು ದಿನ, ರೋಗಿಗಳಿಗೆ ವಿಶೇಷ ಪ್ರಾರ್ಥನೆ. ಸೂಟು ತೊಟ್ಟ ದೇವಸೇವಕರ ಚಿತ್ರ ಆಳೆತ್ತರ. ಅವರ ಹೆಸರಿನ ಹಿಂದೆ "ಅಭಿಷಿಕ್ತ", "ಅಪೊಸ್ತಲ", "ಡಾಕ್ಟರ್" ಎಂಬ ಪದವಿಗಳು. ಶಿಲುಬೆ ಮೂಲೆಯಲ್ಲೆಲ್ಲೋ, ಮುದ್ರಕರ ಫೋನ್ ನಂಬರಿನ ಪಕ್ಕ. "ಕರ್ತನ ಬಡದಾಸ" ಎಂದು ಬರೆದ ಅಕ್ಷರಗಳು ಬಡವಾಗಿಲ್ಲ, ಚಿನ್ನದ ಬಣ್ಣದಲ್ಲಿ ಹೊಳೆಯುತ್ತವೆ. ನಗು ಬರುತ್ತದೆ, ಆದರೆ ಕ್ರೈಸ್ತರನ್ನಷ್ಟೇ ನೋಡಿ ನಗುವ ಹಕ್ಕು ನಮಗಿಲ್ಲ. ಅದೇ ಕಂಬದ ಇನ್ನೊಂದು ಮಗ್ಗುಲಲ್ಲಿ ಅಡ್ಡಪಲ್ಲಕ್ಕಿ ಮಹೋತ್ಸವದ ಫ್ಲೆಕ್ಸ್ ಇರುತ್ತದೆ, ಅಲ್ಲಿಯೂ ಹೊರುವವರ ಹೆಗಲು ಚಿತ್ರದಲ್ಲಿ ಬರುವುದಿಲ್ಲ. ಬಲಕ್ಕೆ ಒಬ್ಬ, ಎಡಕ್ಕೆ ಒಬ್ಬ ಕೂರುವ ಜಾಗ ಕೊಡು ಎಂದು ಯೇಸುವನ್ನು ಕೇಳಿದವರು ಅವನ ಸ್ವಂತ ಶಿಷ್ಯರೇ, ಜೆಬೆದಾಯನ ಮಕ್ಕಳು. ದೊಡ್ಡವನಾಗಬೇಕೆನ್ನುವವನು ಆಳಾಗಲಿ ಎಂದು ಆತ ಆಗಲೇ ಹೇಳಿಬಿಟ್ಟಿದ್ದ. ಎರಡು ಸಾವಿರ ವರ್ಷಗಳಲ್ಲಿ ಕುರ್ಚಿಯ ಸಂಖ್ಯೆ ಹೆಚ್ಚಿದೆ, ಅಷ್ಟೆ.

ಹಾಗೆಂದು ಆ ಫ್ಲೆಕ್ಸಿನ ಆಚೆ ಕೆಲಸ ನಿಂತಿಲ್ಲ. ಬೆಟಗೇರಿಯ ವಾರ್ಡುಗಳಲ್ಲಿ ಈ ಹೊತ್ತಿಗೂ ಯಾರದೋ ಅಜ್ಜನ ಬೆನ್ನು ಹುಣ್ಣಾಗದಂತೆ ಮಗ್ಗಲು ಬದಲಿಸುತ್ತಿರುವ ನರ್ಸ್ ಇದ್ದಾಳೆ. ವಾರವಿಡೀ ಕೂಲಿಗೆ ಹೋಗುವ ಹತ್ತು ಮನೆಗಳ ಸಭೆಯನ್ನು ಸೈಕಲ್ ಮೋಟಾರಿನ ಮೇಲೆ ಸುತ್ತಿ ನಡೆಸುವ ಸಭಾಪಾಲಕರು ಈ ಸೀಮೆಯಲ್ಲಿದ್ದಾರೆ. ಯಾರ ಮನೆಯಲ್ಲಿ ಹೆಣ ಬಿದ್ದರೂ ಮೊದಲು ಹೋಗಿ, ಕಡೆಗೆ ಬರುವವರು ಅವರು. ಅವರಿಗೆ ಫ್ಲೆಕ್ಸ್ ಕಟ್ಟುವವರಿಲ್ಲ, ಅವರು ಕೇಳುವುದೂ ಇಲ್ಲ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಸಭೆಗಳ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮಲ್ಲಿಗೆ ಹೊಸದಾಗಿ ದೀಕ್ಷೆ ಪಡೆದು ಬರುವ ಹುಡುಗ ಪಾದ್ರಿಗೆ ಶಾಲು, ಹಾರ, ಮೈಸೂರು ಪೇಟ ತೊಡಿಸುವ ಖರ್ಚನ್ನು ಈ ಸಲ ಉಳಿಸಿ. ಬೈಬಲ್ ಅವನ ಬಳಿ ಹೇಗೂ ಇರುತ್ತದೆ. ಉತ್ತಂಗಿಯವರು ಕೂಡಿಸಿದ 'ಸರ್ವಜ್ಞನ ವಚನಗಳು' ಪುಸ್ತಕದ ಒಂದು ಪ್ರತಿ ಹುಡುಕಿ ಅವನ ಕೈಗಿಡಿ, ಮೊದಲ ಆರು ತಿಂಗಳು ಪ್ರಸಂಗ ಕಡಿಮೆ ಮಾಡಿ ಹಳ್ಳಿಯ ಕಟ್ಟೆಗಳ ಮೇಲೆ ಕುಳಿತು ಜನರ ಮಾತು ಕೇಳಿಕೊಂಡು ಬಾ ಎಂದು ಕಳಿಸಿ. ಇದಕ್ಕೆ ಸಮಿತಿಯ ಠರಾವು ಬೇಕಿಲ್ಲ, ಬಿಷಪ್ಪರ ಅಪ್ಪಣೆಯೂ ಬೇಕಾಗಲಿಕ್ಕಿಲ್ಲ.